ಚೆಸ್ಟ್‌ನಲ್ಲಿ ಕೊಳೆಯುತ್ತಿರುವ ಮೈನ್‌ಕ್ರಾಫ್ಟ್ ಸಾಮಾನಿಗೆ ಕೆಲಸ ಕೊಡುವುದು ಹೇಗೆ

ಬ್ಲಾಕ್ ಅಗೆದು ಕಟ್ಟುವ ಮೈನ್‌ಕ್ರಾಫ್ಟ್ ವಿಡಿಯೋ ಗೇಮ್ ಆಡುವ ಯಾರ ವರ್ಲ್ಡ್‌ಗೆ ಹೋದರೂ ಒಂದು ಚೆಸ್ಟ್, ಅಂದರೆ ಸಾಮಾನು ಇಡುವ ಪೆಟ್ಟಿಗೆ, ಇದ್ದೇ ಇರುತ್ತದೆ. ಅದಕ್ಕೆ ಹೆಸರಿನ ಬೋರ್ಡ್ ಇರಲ್ಲ. ತೆರೆದರೆ ಒಳಗೆ ಗ್ರಾವೆಲ್ (ಜಲ್ಲಿ), ಡಯೊರೈಟ್ ಎಂಬ ಕಲ್ಲು, ರಾಟನ್ ಫ್ಲೆಶ್ (ಕೊಳೆತ ಮಾಂಸ), ಅರ್ಧ ಸವೆದ ಚಿನ್ನದ ಕತ್ತಿಗಳು, ಜೊತೆಗೆ ಎಣಿಸಲಾಗದಷ್ಟು ತಾಮ್ರ. ಎಸೆಯಲು ಮನಸ್ಸಿಲ್ಲ, ಬಳಸಲು ದಾರಿ ಗೊತ್ತಿಲ್ಲ. ನನ್ನ ಹಳೆಯ ವರ್ಲ್ಡ್‌ನಲ್ಲಿ ಇಂಥ ಡಬಲ್ ಚೆಸ್ಟ್‌ಗಳು ಹನ್ನೊಂದು ಇದ್ದವು. ಒಂದು ದಿನ ಬೇಜಾರಾಗಿ ಅರ್ಧಕ್ಕರ್ಧ ತೆಗೆದು ಲಾವಾಗೆ ಸುರಿದೆ. ಎರಡು ವಾರ ಆಗಿರಲಿಲ್ಲ, ಅದೇ ಗ್ರಾವೆಲ್‌ಗಾಗಿ ನದಿಯ ತಳ ಅಗೆಯುತ್ತಿದ್ದೆ.

ಆಗ ಅರ್ಥವಾದದ್ದು ಇಷ್ಟು. ಒಂದು ಸಾಮಾನು ಕೈಗೆ ಬಂದ ಕೂಡಲೇ ನಾವು ಕೇಳುವುದು ಇದರಲ್ಲಿ ಹೊಡೆದಾಡಬಹುದಾ, ಅಗೆಯಬಹುದಾ ಅಂತ ಮಾತ್ರ. ಎರಡೂ ಆಗದಿದ್ದರೆ ಕಸ. ಆದರೆ ಇದನ್ನು ಯಾರು ತಗೊಳ್ತಾರೆ, ಇದು ಮುಂದೆ ಇನ್ನೇನಾಗಿ ಬದಲಾಗುತ್ತದೆ ಅಂತ ಕೇಳಿ ನೋಡಿ, ಅರ್ಧ ಚೆಸ್ಟ್ ಖಾಲಿಯಾಗುತ್ತದೆ. ಕೆಳಗೆ ಇರುವುದೆಲ್ಲ ನಾನು ಹಾಗೆ ಕೇಳಿಕೊಂಡು ಕಲಿತದ್ದು. ಕೊಟ್ಟಿರುವ ಅಂಕಿಗಳು ಜಾವಾ ಎಡಿಶನ್‌ನವು. ಆಟದ ಇನ್ನೊಂದು ಆವೃತ್ತಿಯಾದ ಬೆಡ್‌ರಾಕ್‌ನಲ್ಲಿ ಮುಖ್ಯವಾಗಿ ಬೇರೆ ಇರುವ ಕಡೆ ಹೇಳುತ್ತೇನೆ.

ಮೊದಲು ಗುದ್ದಲಿ

ಹೋ, ಅಂದರೆ ನಮ್ಮ ಗುದ್ದಲಿ. ಇದನ್ನು ಹೊಲ ಹದ ಮಾಡಲು ಒಂದು ಸಲ ಮಾಡಿಕೊಂಡು ಮರೆತುಬಿಡುವವರೇ ಜಾಸ್ತಿ. ವಜ್ರ ಹಾಕಿ ಗುದ್ದಲಿ ಮಾಡಿದವನನ್ನು ಎಲ್ಲರೂ ಆಡಿಕೊಂಡು ನಗುತ್ತಿದ್ದ ಕಾಲ ಇತ್ತು. 2020ರಲ್ಲಿ ಬಂದ 1.16 ಅಪ್‌ಡೇಟ್ ಆ ನಗುವನ್ನು ನಿಲ್ಲಿಸಿತು. ಅಲ್ಲಿಂದ ಮರದ ಎಲೆ, ಹುಲ್ಲಿನ ಕಟ್ಟು, ಸ್ಪಾಂಜ್, ನೆದರ್ ವಾರ್ಟ್ ಬ್ಲಾಕ್, ಶ್ರೂಮ್‌ಲೈಟ್, ಒಣ ಕೆಲ್ಪ್ ಬ್ಲಾಕ್ ಇವುಗಳಿಗೆಲ್ಲ ಗುದ್ದಲಿಯೇ ಸರಿಯಾದ ಆಯುಧ. ಆಮೇಲೆ ಬಂದ ಮಾಸ್ (ಪಾಚಿ) ಮತ್ತು ನೆಲದಾಳದ ಸ್ಕಲ್ಕ್ ಬ್ಲಾಕ್ ಕೂಡ ಅದೇ ಸಾಲಿಗೆ ಸೇರಿದವು.

ಎಲೆಯಿಂದಲೇ ಶುರು ಮಾಡಿ. ವಜ್ರದ ಗುದ್ದಲಿಗೆ ಏನೂ ಎನ್‌ಚಾಂಟ್ ಮಾಡದಿದ್ದರೂ, ಅಂದರೆ ಮಂತ್ರಶಕ್ತಿ ತುಂಬದಿದ್ದರೂ, ಎಲೆ ಮುಟ್ಟಿದ ತಕ್ಷಣ ಹೋಗುತ್ತದೆ. ಚಿನ್ನದ ಗುದ್ದಲಿಯೂ ಹಾಗೆಯೇ, ಆದರೆ ಅದು 32 ಏಟಿಗೆ ಮುಗಿಯುತ್ತದೆ. ಗುದ್ದಲಿಗೆ ಫಾರ್ಚೂನ್ 3 (ಹೆಚ್ಚು ಸಾಮಾನು ಬೀಳಿಸುವ ಎನ್‌ಚಾಂಟ್) ಹಾಕಿದರೆ ಓಕ್ ಎಲೆಯಿಂದ ಸಸಿ ಬೀಳುವ ಸಾಧ್ಯತೆ ನೂರಕ್ಕೆ 5 ಇದ್ದದ್ದು 10 ಆಗುತ್ತದೆ, ಸೇಬೂ ಜಾಸ್ತಿ ಸಿಗುತ್ತದೆ. ಕ್ಯಾರೆಟ್, ಆಲೂಗಡ್ಡೆ, ನೆದರ್ ವಾರ್ಟ್ ಕೊಯ್ಲಿಗೂ ಅದೇ ಗುದ್ದಲಿ ಹಿಡಿಯಿರಿ. ಬೆಳೆ ಒಂದೇ ಏಟಿಗೆ ಒಡೆಯುವ ವಸ್ತು, ಹಾಗಾಗಿ ಗುದ್ದಲಿ ಸವೆಯುವುದೇ ಇಲ್ಲ. ಸಾಧ್ಯವಾದರೆ ಎರಡು ಗುದ್ದಲಿ ಇಟ್ಟುಕೊಳ್ಳಿ, ಒಂದಕ್ಕೆ ಫಾರ್ಚೂನ್, ಇನ್ನೊಂದಕ್ಕೆ ಬ್ಲಾಕನ್ನು ಇದ್ದ ಹಾಗೇ ಕೊಡುವ ಸಿಲ್ಕ್ ಟಚ್. ಈ ಎರಡು ಒಂದೇ ಉಪಕರಣದಲ್ಲಿ ಕೂರಲ್ಲ.

ಮಾಸ್ ವಿಷಯ ಇನ್ನೂ ಚೆನ್ನಾಗಿದೆ. ಮಾಸ್ ಬ್ಲಾಕ್ ಮೇಲೆ ಬೋನ್ ಮೀಲ್ (ಮೂಳೆಪುಡಿ ಗೊಬ್ಬರ) ಹಾಕಿದರೆ ಸುತ್ತಲಿನ ಕಲ್ಲೆಲ್ಲ ಮಾಸ್ ಆಗುತ್ತದೆ. ಬರೀ ಸ್ಟೋನ್ ಅಲ್ಲ, ಗ್ರಾನೈಟ್, ಡಯೊರೈಟ್, ಆಂಡಸೈಟ್, ಟಫ್, ಡೀಪ್‌ಸ್ಲೇಟ್ ಕೂಡ ಆಗುತ್ತದೆ. ಕಾಬಲ್‌ಸ್ಟೋನ್ ಮಾತ್ರ ಆಗಲ್ಲ, ನಾನು ಮೊದಲ ಸಲ ಕಾಬಲ್ ಹಾಸಿ ಕಾದು ಕೂತು ಮೂರ್ಖನಾದೆ. ಹೀಗೆ ಹರಡಿದ ಮಾಸನ್ನು ಗುದ್ದಲಿಯಿಂದ ಸರಸರ ಕೆರೆದು ಗೊಬ್ಬರ ಮಾಡುವ ಕಂಪೋಸ್ಟರ್‌ಗೆ ಹಾಕಿ. ಪ್ರತಿ ಮಾಸ್ ಬ್ಲಾಕ್‌ಗೂ ನೂರಕ್ಕೆ 65ರಷ್ಟು ಕಂಪೋಸ್ಟರ್ ಒಂದು ಹಂತ ಏರುವ ಸಾಧ್ಯತೆ. ಏಳು ಹಂತ ತುಂಬಿದರೆ ಒಂದು ಬೋನ್ ಮೀಲ್. ಹಾಕಿದ್ದಕ್ಕಿಂತ ಜಾಸ್ತಿ ವಾಪಸ್ ಬರುತ್ತದೆ. ಅಂದರೆ ಯಾರಿಗೂ ಬೇಡದ ಡಯೊರೈಟ್ ಹಾಸಿ, ಯಾರೂ ಮುಟ್ಟದ ಗುದ್ದಲಿ ಹಿಡಿದು, ಮುಗಿಯದಷ್ಟು ಗೊಬ್ಬರ ತೆಗೆಯಬಹುದು. ಅಸ್ಥಿಪಂಜರಗಳ ಹಿಂದೆ ರಾತ್ರಿಯೆಲ್ಲ ಓಡುವ ಅಗತ್ಯ ಇಲ್ಲ. ನೆದರ್ ಅನ್ನುವ ಆಟದ ಬೆಂಕಿಲೋಕದ ಕೆಂಪು ಕಾಡಿನಲ್ಲಿದ್ದರೆ ಅಲ್ಲಿನ ಮರದ ತಲೆಯಲ್ಲಿರುವ ವಾರ್ಟ್ ಬ್ಲಾಕ್ ಇನ್ನೂ ಲಾಭ, ಅದಕ್ಕೆ ನೂರಕ್ಕೆ 85.

ನನಗೆ ತುಂಬಾ ಇಷ್ಟವಾದ ಗುದ್ದಲಿ ಕೆಲಸ ಮಾತ್ರ ಸ್ಕಲ್ಕ್‌ನದು. ನೆಲದಾಳದ ಏನ್ಶಿಯಂಟ್ ಸಿಟಿಯಲ್ಲಿ ಸ್ಕಲ್ಕ್ ಬ್ಲಾಕ್ ಒಡೆದರೆ ಒಂದಕ್ಕೆ 1 ಎಕ್ಸ್‌ಪಿ (ಅನುಭವದ ಅಂಕ) ಸಿಗುತ್ತದೆ, ವಜ್ರದ ಗುದ್ದಲಿ ಇದ್ದರೆ ಒಂದೊಂದೂ ಮುಟ್ಟಿದ ತಕ್ಷಣ ಹೋಗುತ್ತದೆ. ಆದರೆ ಅಸಲಿ ಮಜಾ ಇರುವುದು ಅದನ್ನು ಮನೆಗೆ ತರುವುದರಲ್ಲಿ. ಸಿಲ್ಕ್ ಟಚ್ ಗುದ್ದಲಿಯಿಂದ ಒಂದು ಸ್ಕಲ್ಕ್ ಕ್ಯಾಟಲಿಸ್ಟ್ ಕಿತ್ತು ತಂದು ನಿಮ್ಮ ಮಾಬ್ ಫಾರ್ಮ್‌ನಲ್ಲಿ (ಮಾಬ್ ಅಂದರೆ ಆಟದ ಜೀವಿ), ಮಾಬ್‌ಗಳು ಸಾಯುವ ಜಾಗದಿಂದ 8 ಬ್ಲಾಕ್ ಒಳಗೆ ಇಡಿ. ಅಲ್ಲಿ ಸತ್ತ ಮಾಬ್‌ಗಳ ಎಕ್ಸ್‌ಪಿ ಹೊರಗೆ ಬೀಳುವ ಬದಲು ಸುತ್ತಲಿನ ಕಲ್ಲು ಮಣ್ಣನ್ನು ಸ್ಕಲ್ಕ್ ಮಾಡುತ್ತಾ ಹೋಗುತ್ತದೆ. ನೀವೇ ಕೊಲ್ಲಬೇಕಂತಿಲ್ಲ. ಮೇಲಿಂದ ಬಿದ್ದು ಸತ್ತರೂ ಲೆಕ್ಕಕ್ಕೆ ಬರುತ್ತದೆ, ಸಾಮಾನ್ಯವಾಗಿ ಹಾಗೆ ಸತ್ತದ್ದರಿಂದ ನಮಗೆ ಎಕ್ಸ್‌ಪಿ ಸಿಗುವುದೇ ಇಲ್ಲ ಅಲ್ವಾ. ಆ ಸ್ಕಲ್ಕನ್ನು ಸಿಲ್ಕ್ ಟಚ್ ಗುದ್ದಲಿಯಿಂದ ಎತ್ತಿ ಚೆಸ್ಟ್‌ನಲ್ಲಿ ತುಂಬಿಡಿ. ಬೇಕಾದಾಗ ಎನ್‌ಚಾಂಟಿಂಗ್ ಟೇಬಲ್ ಪಕ್ಕ ಜೋಡಿಸಿ, ಸಿಲ್ಕ್ ಟಚ್ ಇಲ್ಲದ ಗುದ್ದಲಿಯಿಂದ ಒಡೆಯಿರಿ. ಬ್ಯಾಂಕಲ್ಲಿ ಇಟ್ಟ ದುಡ್ಡು ತೆಗೆದಂತೆ ಎಕ್ಸ್‌ಪಿ ಬರುತ್ತದೆ. ಇದು ನೀವು ಸತ್ತರೂ ಕಳೆದುಹೋಗದ ಎಕ್ಸ್‌ಪಿ ನೋಡಿ.

ಕ್ಯಾಟಲಿಸ್ಟ್ ತರಲು ಹೋದಾಗ ಮಾತ್ರ ಹುಷಾರು. ಅಲ್ಲಿ ಬಗ್ಗಿ ನಡೆದರೂ ಬ್ಲಾಕ್ ಒಡೆಯುವ ಸದ್ದು ಅಲ್ಲಿನ ಸ್ಕಲ್ಕ್ ಸೆನ್ಸರ್‌ಗೆ ಕೇಳುತ್ತದೆ. ಜೊತೆಗೆ ಉಣ್ಣೆ ಬ್ಲಾಕ್ ಒಯ್ಯಿರಿ, ನಿಮ್ಮ ಮತ್ತು ಸೆನ್ಸರ್ ನಡುವೆ ಉಣ್ಣೆ ಅಡ್ಡ ಇಟ್ಟರೆ ಸದ್ದು ದಾಟಲ್ಲ. ಶ್ರೀಕರ್ ಎಂಬ ಬ್ಲಾಕ್ ನಾಲ್ಕನೇ ಸಲ ಕಿರುಚಿದರೆ ವಾರ್ಡನ್ ಎಂಬ ಬಲಿಷ್ಠ ಮಾಬ್ ನೆಲದಿಂದ ಮೇಲೆ ಬರುತ್ತದೆ, ಆಮೇಲೆ ಗುದ್ದಲಿ ವಜ್ರದ್ದಾದರೇನು, ಮರದ್ದಾದರೇನು.

ಚಿನ್ನಕ್ಕೆ ಬೆಲೆ ಇದೆ, ಬೇರೆ ಕಡೆ

ಚಿನ್ನದ ಉಪಕರಣ ಆಟದಲ್ಲೇ ಅತಿ ವೇಗ. ವಜ್ರದ ವೇಗ 8, ನೆದರೈಟ್ 9, ಚಿನ್ನ 12. ಆದರೆ ಬಾಳಿಕೆ 32. ಚಿನ್ನದ ಪಿಕ್ಯಾಕ್ಸ್ ಗಟ್ಟಿ ಅದಿರನ್ನು ತೆಗೆಯುವುದರಲ್ಲಿ ಮರದ ಪಿಕ್ಯಾಕ್ಸ್‌ಗೆ ಸಮ, ಕಬ್ಬಿಣದ ಅದಿರು ಕೂಡ ಸಿಗಲ್ಲ. ಯಾರಾದರೂ ಚಿನ್ನದ ಪಿಕ್ಯಾಕ್ಸ್ ಸೂಪರ್ ಅಂತ ಹೇಳಿದರೆ ನಂಬಬೇಡಿ. ನೆದರ್‌ರಾಕ್‌ನಲ್ಲಿ ದಾರಿ ಕೊರೆಯಲು ಎಫಿಶಿಯೆನ್ಸಿ 1 ಹಾಕಿದ ಚಿನ್ನದ ಪಿಕ್ಯಾಕ್ಸ್ ಮುಟ್ಟಿದ ತಕ್ಷಣ ಒಡೆಯುತ್ತದೆ ನಿಜ, ಅನ್‌ಬ್ರೇಕಿಂಗ್ ಇದ್ದರೆ ಸುಮಾರು ದೂರವೂ ಬರುತ್ತದೆ. ಆದರೂ ಅದೊಂದು ಮೋಜು ಅಷ್ಟೇ.

ಚಿನ್ನವನ್ನು ತಲೆಗೆ ಹಾಕಿ. ನೆದರ್‌ನಲ್ಲಿ ಮೈಮೇಲೆ ಒಂದಾದರೂ ಚಿನ್ನದ ಕವಚ ಇದ್ದರೆ ಅಲ್ಲಿನ ಹಂದಿಮುಖದ ಪಿಗ್ಲಿನ್‌ಗಳು ತಾವಾಗಿ ಮೈಮೇಲೆ ಬರಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಹೆಚ್ಚಿನವರು ಬೂಟು ಹಾಕುತ್ತಾರೆ. ಲೆಕ್ಕ ಹಾಕಿದರೆ ಅದು ತಪ್ಪು ಆಯ್ಕೆ. ಚಿನ್ನದ ಹೆಲ್ಮೆಟ್‌ಗೆ 2 ಆರ್ಮರ್ ಪಾಯಿಂಟ್, ಕಬ್ಬಿಣದ ಹೆಲ್ಮೆಟ್‌ಗೂ 2. ಕಬ್ಬಿಣ ಹಾಕಿಕೊಂಡಿರುವವರಿಗೆ ಇಲ್ಲಿ ಏನೂ ನಷ್ಟವಿಲ್ಲ. ಬೂಟಿನಲ್ಲಾದರೆ ಕಬ್ಬಿಣಕ್ಕೆ 2, ಚಿನ್ನಕ್ಕೆ 1. ವಜ್ರ ಹಾಕಿದವರಿಗೂ ಹೆಲ್ಮೆಟ್ ಬದಲಿಸಿದರೆ ಒಂದು ಪಾಯಿಂಟ್ ಹೋಗುತ್ತದೆ, ಬೂಟು ಬದಲಿಸಿದರೆ ಎರಡು. ಪಿಗ್ಲಿನ್‌ಗಳ ಎದುರೇ ಅವರ ಚೆಸ್ಟ್ ತೆರೆದರೆ ಅಥವಾ ಚಿನ್ನದ ಅದಿರು ಒಡೆದರೆ ಯಾವ ಹೆಲ್ಮೆಟ್ ಕೂಡ ಕಾಪಾಡಲ್ಲ. ಬಾಸ್ಚನ್ ಕೋಟೆ ಕಾಯುವ ಬ್ರೂಟ್ ಪಿಗ್ಲಿನ್‌ಗಳಿಗೆ ಚಿನ್ನ ಗಿನ್ನ ಏನೂ ಲೆಕ್ಕಕ್ಕಿಲ್ಲ.

ಉಳಿದ ಚಿನ್ನದ ಗಟ್ಟಿಗಳನ್ನು ಪಿಗ್ಲಿನ್‌ಗಳಿಗೆ ಎಸೆಯಿರಿ. ಒಂದು ಗಟ್ಟಿ ಎತ್ತಿಕೊಂಡು ಆರು ಸೆಕೆಂಡ್ ದಿಟ್ಟಿಸಿ ನೋಡಿ ಏನಾದರೂ ವಾಪಸ್ ಎಸೆಯುತ್ತವೆ. ಎಂಡರ್ ಪರ್ಲ್, ಅಬ್ಸಿಡಿಯನ್, ಕ್ರೈಯಿಂಗ್ ಅಬ್ಸಿಡಿಯನ್, ಬೆಂಕಿ ತಾಗದ ಪೋಶನ್, ಸೋಲ್ ಸ್ಪೀಡ್ ಪುಸ್ತಕ, ದಾರ, ಚರ್ಮ, ಕ್ವಾರ್ಟ್ಸ್, ಹೀಗೆ. ಎಂಡರ್‌ಮ್ಯಾನ್ ಹಿಂದೆ ಬೀಳಲು ಭಯಪಡುವವರಿಗೆ ಪರ್ಲ್ ಸಿಗಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಸವೆದ ಚಿನ್ನದ ಕತ್ತಿ, ಕವಚಗಳನ್ನು ಫರ್ನೇಸ್‌ಗೆ ಹಾಕಿ, ಒಂದಕ್ಕೆ ಒಂದು ನಗೆಟ್ ಬರುತ್ತದೆ. ಎಂಟು ನಗೆಟ್ ಮತ್ತು ಒಂದು ಕ್ಯಾರೆಟ್ ಸೇರಿದರೆ ಗೋಲ್ಡನ್ ಕ್ಯಾರೆಟ್. 6 ಹಸಿವು, 14.4 ಸ್ಯಾಚುರೇಶನ್. ಒಮ್ಮೆ ಇದಕ್ಕೆ ಒಗ್ಗಿಕೊಂಡರೆ ಮತ್ತೆ ಮಾಂಸ ಸುಡುತ್ತಾ ಕೂರಲ್ಲ ನೀವು.

ಗ್ರಾವೆಲ್‌ನಿಂದ ಎಮರಾಲ್ಡ್‌ವರೆಗೆ

ನಾನು ಲಾವಾಗೆ ಸುರಿದದ್ದು ನೆನಪಾದರೆ ಈಗಲೂ ಹೊಟ್ಟೆ ಉರಿಯುವುದು ಈ ಗ್ರಾವೆಲ್‌ಗೆ. ಎಲ್ಲರೂ ಅದರಿಂದ ಫ್ಲಿಂಟ್ ಮಾತ್ರ ತೆಗೆಯುತ್ತಾರೆ. ಬಾಣ ಮಾಡುವ ಫ್ಲೆಚರ್ ವಿಲೇಜರ್‌ಗೆ (ವಿಲೇಜರ್ ಅಂದರೆ ವ್ಯಾಪಾರ ಮಾಡುವ ಊರಿನವ) 26 ಫ್ಲಿಂಟ್ ಕೊಟ್ಟರೆ ಒಂದು ಎಮರಾಲ್ಡ್, ಅದೇ ಅಲ್ಲಿನ ದುಡ್ಡು. ಅಂದರೆ ಒಂದು ಸ್ಟ್ಯಾಕ್ (64) ಪೂರ್ತಿ ಫ್ಲಿಂಟ್ ಆದರೂ ಎರಡೂವರೆ ಎಮರಾಲ್ಡ್ ಕೂಡ ಬರಲ್ಲ.

ಈಗ ಇನ್ನೊಂದು ದಾರಿ ನೋಡಿ. ಎರಡು ಮಣ್ಣು, ಎರಡು ಗ್ರಾವೆಲ್ ಅಡ್ಡಡ್ಡ ಇಟ್ಟು ಕ್ರಾಫ್ಟ್ ಮಾಡಿದರೆ ನಾಲ್ಕು ಕೋರ್ಸ್ ಡರ್ಟ್. ಕೋರ್ಸ್ ಡರ್ಟನ್ನು ನೆಲಕ್ಕಿಟ್ಟು ಗುದ್ದಲಿ ಹೊಡೆದರೆ ಸಾದಾ ಮಣ್ಣು. ಸ್ಕೈಬ್ಲಾಕ್ ಆಡುವವರು ಇದೇ ತಂತ್ರದಿಂದ ಮಣ್ಣು ದುಪ್ಪಟ್ಟು ಮಾಡಿಕೊಳ್ಳುತ್ತಾರೆ. ನಮಗೆ ಮಣ್ಣು ಬೇಡ, ಜೇಡಿಮಣ್ಣು ಬೇಕು. ಅದಕ್ಕೆ ಗುದ್ದಲಿಯೂ ಬೇಡ. ಕೋರ್ಸ್ ಡರ್ಟ್ ಮೇಲೆ ನೇರವಾಗಿ ನೀರಿನ ಬಾಟಲ್ ಸುರಿದರೆ ಅದು ಕೆಸರಾಗುತ್ತದೆ. ಆ ಕೆಸರಿನ ಬ್ಲಾಕನ್ನು ಯಾವುದಾದರೂ ಗಟ್ಟಿ ಬ್ಲಾಕ್ ಮೇಲಿಟ್ಟು, ಆ ಗಟ್ಟಿ ಬ್ಲಾಕ್‌ನ ಕೆಳಗೆ ಒಂದು ಚೂಪು ಡ್ರಿಪ್‌ಸ್ಟೋನ್ (ಗುಹೆಯಲ್ಲಿ ತೊಟ್ಟಿಕ್ಕುವ ಕಲ್ಲು) ನೇತುಹಾಕಿ. ನೀರು ತೊಟ್ಟಿಕ್ಕಿ ಕೆಸರು ಒಣಗಿ ಕ್ಲೇ ಆಗುತ್ತದೆ. ಒಂದು ಕ್ಲೇ ಬ್ಲಾಕ್ ಒಡೆದರೆ ನಾಲ್ಕು ಕ್ಲೇ ಉಂಡೆ, ಕಲ್ಲುಕುಟಿಗ ಮೇಸನ್ ವಿಲೇಜರ್ 10 ಉಂಡೆಗೆ ಒಂದು ಎಮರಾಲ್ಡ್ ಕೊಡುತ್ತಾನೆ.

ಲೆಕ್ಕ ಹಾಕೋಣ. 64 ಗ್ರಾವೆಲ್ ಮತ್ತು 64 ಮಣ್ಣು ಸೇರಿದರೆ 128 ಕೋರ್ಸ್ ಡರ್ಟ್. ಮುಂದಿನ ಸಲಕ್ಕೆ ಅಂತ 64ಕ್ಕೆ ಗುದ್ದಲಿ ಹೊಡೆದು ಮಣ್ಣು ಮಾಡಿ ಇಟ್ಟುಕೊಳ್ಳಿ. ಉಳಿದ 64 ಕೆಸರಾಗಿ, ಕ್ಲೇ ಆಗಿ, 256 ಉಂಡೆ. ಅಂದರೆ 25 ಎಮರಾಲ್ಡ್, ಮೇಲೆ ಆರು ಉಂಡೆ ಉಳಿತಾಯ. ಫ್ಲಿಂಟ್ ದಾರಿಯ ಹತ್ತು ಪಟ್ಟು! ಮೇಸನ್ ಒಂದು ಸಲಕ್ಕೆ 16 ಸಲ ಮಾತ್ರ ಕೊಳ್ಳುತ್ತಾನೆ, ಆಮೇಲೆ ಅವನ ಸ್ಟೋನ್‌ಕಟರ್ ಹತ್ತಿರ ಹೋಗಿ ಬರುವವರೆಗೆ ಕಾಯಬೇಕು. ಇಬ್ಬರು ಮೇಸನ್ ಇದ್ದರೆ ಆ ತಲೆನೋವಿಲ್ಲ. ಬಾಟಲ್ ಒಂದೊಂದೇ ತುಂಬಿ ಸುರಿಯುವುದು ಬೋರು ಕೆಲಸ, ನಿಜ ಹೇಳುತ್ತೇನೆ. ಡಿಸ್ಪೆನ್ಸರ್‌ಗೆ ಬಾಟಲ್ ತುಂಬಿ ಬಟನ್ ಒತ್ತಿದರೂ ಎದುರಿನ ಮಣ್ಣು ಕೆಸರಾಗುತ್ತದೆ. ಒಣಗುವುದು ನಿಧಾನ, ಹಾಗಾಗಿ ಸಾಲಾಗಿ ದೊಡ್ಡದಾಗಿಯೇ ಹಾಕಿ, ಬೇರೆ ಕೆಲಸ ನೋಡಿಕೊಂಡು ಬನ್ನಿ. ಆದರೆ ತುಂಬಾ ದೂರ ಹೋಗಬೇಡಿ, ಆ ಜಾಗ ಲೋಡ್ ಆಗಿರಬೇಕು.

ಡ್ರಿಪ್‌ಸ್ಟೋನ್ ಕೈಗೆ ಬಂದ ಮೇಲೆ ಕಾಲ್ಡ್ರನ್‌ಗೂ (ಕಬ್ಬಿಣದ ಕೊಳಗ) ಒಂದು ಕೆಲಸ ಹುಟ್ಟುತ್ತದೆ. ಒಂದು ಬ್ಲಾಕ್ ಮೇಲೆ ಲಾವಾ ಸೋರ್ಸ್, ಅದರ ಕೆಳಗೆ ಚೂಪು ಡ್ರಿಪ್‌ಸ್ಟೋನ್, ಅದರ ಕೆಳಗೆ ಕಾಲ್ಡ್ರನ್. ಸರಾಸರಿ 19 ನಿಮಿಷಕ್ಕೊಮ್ಮೆ ಕಾಲ್ಡ್ರನ್ ತುಂಬುತ್ತದೆ, ಮೇಲಿನ ಲಾವಾ ಖಾಲಿಯಾಗುವುದೇ ಇಲ್ಲ. ಒಂದು ಬಕೆಟ್ ಲಾವಾ 100 ಐಟಂ ಕರಗಿಸುತ್ತದೆ, ಕಲ್ಲಿದ್ದಲು ಬರೀ 8. ಇಂಥ ಹತ್ತು ಕಾಲ್ಡ್ರನ್ ಸಾಲಾಗಿ ಇಟ್ಟುಬಿಟ್ಟರೆ ಇಂಧನದ ಚಿಂತೆ ಮುಗಿಯಿತು. ನೆದರ್‌ನಲ್ಲಿ ನೀರು ನಿಲ್ಲಲ್ಲ ಅಲ್ವಾ, ಆದರೆ ಕಾಲ್ಡ್ರನ್ ಒಳಗೆ ಮಾತ್ರ ನಿಲ್ಲುತ್ತದೆ. ಬೆಂಕಿ ಉಗುಳುವ ಬ್ಲೇಜ್ ಜೊತೆ ಹೊಡೆದಾಡುವ ಜಾಗದಲ್ಲಿ ತುಂಬಿದ ಒಂದು ಕಾಲ್ಡ್ರನ್ ಇಟ್ಟು, ಬೆಂಕಿ ಹತ್ತಿದ ಕೂಡಲೇ ಅದರೊಳಗೆ ಹಾರಿ. ಬೆಡ್‌ರಾಕ್‌ನವರು ಕಾಲ್ಡ್ರನ್‌ಗೆ ಪೋಶನ್ ಸುರಿದು ಬಾಣಗಳನ್ನು ಅದ್ದಿಕೊಳ್ಳಬಹುದು, ನಮಗೆ ಆ ಭಾಗ್ಯ ಇಲ್ಲ.

ತಾಮ್ರದ ರಾಶಿ ಕರಗಿಸುವುದು

2021ರಲ್ಲಿ 1.17 ಜೊತೆ ಬಂದಾಗ ತಾಮ್ರದಿಂದ ಸಿಡಿಲು ಕಂಬ, ದುರ್ಬೀನು, ಮನೆಯ ಹಸಿರು ಛಾವಣಿ ಬಿಟ್ಟರೆ ಏನೂ ಆಗುತ್ತಿರಲಿಲ್ಲ. ಒಂದು ಅದಿರಿಗೆ 2ರಿಂದ 5 ಕಚ್ಚಾ ತಾಮ್ರ ಬೀಳುತ್ತದೆ, ಹಾಗಾಗಿ ಎಲ್ಲರ ಹತ್ತಿರವೂ ರಾಶಿ ಬಿದ್ದಿರುತ್ತದೆ. ಈಗ ಪರಿಸ್ಥಿತಿ ಬದಲಾಗಿದೆ, ಆದರೂ ಹಳೆಯ ಅಭ್ಯಾಸಕ್ಕೆ ತಾಮ್ರ ಕಂಡರೆ ದಾಟಿ ಹೋಗುವವರು ಇದ್ದಾರೆ.

ಸಿಡಿಲು ಕಂಬದಿಂದಲೇ ಶುರು ಮಾಡಿ. ಮೂರು ತಾಮ್ರದ ಗಟ್ಟಿ ಸಾಕು. ಜಾವಾದಲ್ಲಿ ಸುತ್ತ 128 ಬ್ಲಾಕ್ ದೂರದೊಳಗಿನ ಸಿಡಿಲನ್ನು ಅದು ತನ್ನ ಕಡೆ ಎಳೆದುಕೊಳ್ಳುತ್ತದೆ, ಬೆಡ್‌ರಾಕ್‌ನಲ್ಲಿ 64. ಮರದ ಮನೆ ಉಳಿಯುವುದು ಒಂದು ಕಡೆ, ವಿಲೇಜರ್ ಮೇಲೆ ಸಿಡಿಲು ಬಿದ್ದರೆ ಅವನು ಮಾಟಗಾತಿ ಆಗುತ್ತಾನೆ ಅನ್ನುವುದು ಇನ್ನೊಂದು ಕಡೆ. ಕಷ್ಟಪಟ್ಟು ಮೆಂಡಿಂಗ್ ಪುಸ್ತಕ ಬರಿಸಿಕೊಂಡ ಲೈಬ್ರೇರಿಯನ್ ಒಬ್ಬನನ್ನು ನಾನು ಹಾಗೆ ಕಳೆದುಕೊಂಡಿದ್ದೇನೆ. ಊರಿನ ಮಧ್ಯೆ ಎತ್ತರದ ಜಾಗದಲ್ಲಿ ಒಂದು ನೆಟ್ಟುಬಿಡಿ.

ರೆಡ್‌ಸ್ಟೋನ್ (ಆಟದೊಳಗಿನ ಕರೆಂಟು) ಕೈಯಾಡಿಸುವವರಿಗೆ 1.21ರಲ್ಲಿ ಬಂದ ಕಾಪರ್ ಬಲ್ಬ್ ವರ. ಮೂರು ತಾಮ್ರದ ಬ್ಲಾಕ್, ಒಂದು ಬ್ಲೇಜ್ ರಾಡ್, ಒಂದು ರೆಡ್‌ಸ್ಟೋನ್, ಇಷ್ಟಕ್ಕೆ ನಾಲ್ಕು ಬಲ್ಬ್. ಬಟನ್ ಒಮ್ಮೆ ಒತ್ತಿದರೆ ಹತ್ತುತ್ತದೆ, ಇನ್ನೊಮ್ಮೆ ಒತ್ತಿದರೆ ಆರುತ್ತದೆ. ಇದರ ಪಕ್ಕ ಒಂದು ಕಂಪ್ಯಾರೇಟರ್ ಇಟ್ಟರೆ ಬಟನ್ನೇ ಸ್ವಿಚ್ ಥರ ಕೆಲಸ ಮಾಡುತ್ತದೆ, ಮೊದಲು ಇದಕ್ಕೆ ಎಷ್ಟು ಜಾಗ ಹಿಡಿಯುವ ಸರ್ಕ್ಯೂಟ್ ಕಟ್ಟಬೇಕಿತ್ತು ಅಂತ ಗೊತ್ತಿದ್ದವರಿಗೆ ಮಾತ್ರ ಇದರ ಸಂತೋಷ ಅರ್ಥವಾಗುತ್ತದೆ. ಬಲ್ಬ್ ಹಳತಾಗುತ್ತಾ ಬೆಳಕು 15ರಿಂದ 12, 8, ಕೊನೆಗೆ 4ಕ್ಕೆ ಇಳಿಯುತ್ತದೆ. ಅದೂ ಒಳ್ಳೆಯದೇ. 1.18ರಿಂದ ದಾಳಿ ಮಾಡುವ ಮಾಬ್‌ಗಳಲ್ಲಿ ಹೆಚ್ಚಿನವು ಹುಟ್ಟುವುದು ಬೆಳಕು ಸೊನ್ನೆ ಇರುವ ಕಡೆ ಮಾತ್ರ, ಹಾಗಾಗಿ ಮಂದ ಬೆಳಕಿನ ಹಜಾರ ಬೇಕಿದ್ದರೆ ಹಳೆಯ ಬಲ್ಬೇ ಚೆಂದ.

2025ರ ಸೆಪ್ಟೆಂಬರ್ ಕೊನೆಗೆ ಬಂದ 1.21.9ರಲ್ಲಿ ತಾಮ್ರದ ಉಪಕರಣ, ಕವಚ, ಗೋಲಮ್ ಎಲ್ಲ ಸೇರಿದವು. ತಾಮ್ರದ ಪಿಕ್ಯಾಕ್ಸ್ 190 ಏಟು ಬಾಳುತ್ತದೆ. ಕಲ್ಲಿನದು 131, ಕಬ್ಬಿಣದ್ದು 250. ವಜ್ರ ತೆಗೆಯಲು ಬರಲ್ಲ, ಆದರೆ ಸುಮ್ನೆ ಕಲ್ಲು ಕೊರೆಯಲು ಕಬ್ಬಿಣ ಯಾಕೆ ಸವೆಸಬೇಕು?

ಗೋಲಮ್ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಆ ಹೆಸರಿಲ್ಲದ ಕಸದ ಚೆಸ್ಟ್‌ಗೆ ಮದ್ದು ಇದೇ. ತಾಮ್ರದ ಬ್ಲಾಕ್ ಮೇಲೆ ಕೆತ್ತಿದ ಕುಂಬಳಕಾಯಿ ಇಡಿ, ಅಂದರೆ ಕತ್ತರಿಯಿಂದ ಮುಖ ಕೊರೆದದ್ದು. ಪುಟ್ಟ ಗೋಲಮ್ ಎದ್ದು ನಿಲ್ಲುತ್ತದೆ, ಕೆಳಗಿನ ಬ್ಲಾಕ್ ತಾಮ್ರದ ಚೆಸ್ಟ್ ಆಗುತ್ತದೆ. ನೀವು ಮೈನಿಂಗ್ ಮುಗಿಸಿ ಬಂದು ಎಲ್ಲವನ್ನೂ ಆ ತಾಮ್ರದ ಚೆಸ್ಟ್‌ಗೆ ಸುರಿದರೆ ಸಾಕು. ಸುತ್ತ ಮರದ ಚೆಸ್ಟ್‌ಗಳನ್ನಿಟ್ಟು ಒಂದೊಂದರಲ್ಲೂ ಒಂದೊಂದು ಜಾತಿಯ ಸಾಮಾನನ್ನು ಮಾದರಿಗೆ ಹಾಕಿಡಿ. ಗೋಲಮ್ ಒಂದು ಸಲಕ್ಕೆ 16ರವರೆಗೆ ಎತ್ತಿಕೊಂಡು ಹೋಗಿ ಅದೇ ಜಾತಿ ಇರುವ ಚೆಸ್ಟ್ ಹುಡುಕಿ ಇಡುತ್ತದೆ. ಖಾಲಿ ಚೆಸ್ಟ್ ಸಿಕ್ಕರೆ ಅದರಲ್ಲೂ ಇಟ್ಟುಬಿಡುತ್ತದೆ, ಆದ್ದರಿಂದ ಖಾಲಿ ಚೆಸ್ಟ್ ಪಕ್ಕದಲ್ಲಿ ಬಿಡಬೇಡಿ. ಕಾಲ ಕಳೆದಂತೆ ಹಸಿರಾಗಿ ಕೊನೆಗೆ ಪ್ರತಿಮೆಯಾಗಿ ನಿಂತುಬಿಡುತ್ತದೆ. ಕೊಡಲಿಯಿಂದ ಕೆರೆಯುತ್ತಾ ಹೋದರೆ ಮತ್ತೆ ಜೀವ ಬರುತ್ತದೆ. ಮೊದಲೇ ಜೇನು ಮೇಣ ಹಚ್ಚಿದರೆ ಆ ತೊಂದರೆಯೇ ಇಲ್ಲ.

ಕೊಳ್ಳುವವರು ಇದ್ದಾರೆ

ರಾಟನ್ ಫ್ಲೆಶ್ ಎಸೆಯುವ ಮುಂಚೆ ಊರಲ್ಲಿ ಕ್ಲೆರಿಕ್ ವಿಲೇಜರ್ ಇದ್ದಾನಾ ನೋಡಿ. 32ಕ್ಕೆ ಒಂದು ಎಮರಾಲ್ಡ್. ಜಾಂಬಿ ಸ್ಪಾನರ್ ಪಕ್ಕ ಮನೆ ಕಟ್ಟಿದವರಿಗೆ ಇದು ದಿನಗೂಲಿ ಇದ್ದಂತೆ. ಮಾರದೆ ಉಳಿದದ್ದನ್ನು ಸಾಕಿದ ತೋಳಗಳಿಗೆ ಹಾಕಿ, ನಮಗೆ ಬರುವ ಹೊಟ್ಟೆಯ ತೊಂದರೆ ಅವಕ್ಕೆ ಬರಲ್ಲ, ಗಾಯವೂ ವಾಸಿಯಾಗುತ್ತದೆ, ಮರಿಯೂ ಹಾಕುತ್ತವೆ.

ಫ್ಲೆಚರ್ 32 ಕೋಲಿಗೆ ಒಂದು ಎಮರಾಲ್ಡ್ ಕೊಡುವುದು ಎಲ್ಲರಿಗೂ ಗೊತ್ತಿರುವ ಹಳೇ ಟ್ರಿಕ್. ಮೇಸನ್ ಸ್ವಲ್ಪ ಅನುಭವಿಯಾದ ಮೇಲೆ 16 ಗ್ರಾನೈಟ್, 16 ಡಯೊರೈಟ್ ಅಥವಾ 16 ಆಂಡಸೈಟ್‌ಗೂ ಒಂದು ಎಮರಾಲ್ಡ್ ಕೊಡುತ್ತಾನೆ ಅನ್ನುವುದು ಮಾತ್ರ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಗಣಿ ತೋಡಿದಾಗ ಜೇಬು ತುಂಬುವ ಆ ಮೂರು ಕಲ್ಲೂ ದುಡ್ಡೇ. ಸಮುದ್ರದ ಹತ್ತಿರ ಇದ್ದರೆ ಕೆಲ್ಪ್ ಒಣಗಿಸಿ ಬ್ಲಾಕ್ ಮಾಡಿ, ಹತ್ತಕ್ಕೆ ಬುಚರ್ ಒಂದು ಎಮರಾಲ್ಡ್ ಕೊಡುತ್ತಾನೆ. ಅಥವಾ ಅದನ್ನೇ ಉರಿಸಿ, ಒಂದು ಬ್ಲಾಕ್ 20 ಐಟಂ ಸುಡುತ್ತದೆ.

ಸಣ್ಣ ಪುಟ್ಟ ಉಪಕರಣಗಳು

ಬಂಡಲ್: ಒಂದು ಚರ್ಮ, ಒಂದು ದಾರ. 2024ರ ಅಕ್ಟೋಬರ್‌ನಲ್ಲಿ ಆಟಕ್ಕೆ ಸರಿಯಾಗಿ ಸೇರಿತು. ಒಳಗೆ ಒಟ್ಟು 64 ಹಿಡಿಯುತ್ತದೆ, ಬೇರೆ ಬೇರೆ ಜಾತಿ ಬೆರೆಸಬಹುದು. ಗುಹೆಗೆ ಹೋದಾಗ ಮೂರು ಬೀಜ, ಎರಡು ಮೂಳೆ, ಐದು ದಾರ ಅಂತ ಒಂದೊಂದು ಸ್ಲಾಟ್ ತಿನ್ನುತ್ತವಲ್ಲ, ಅದೆಲ್ಲ ಇದಕ್ಕೆ. ಕತ್ತಿ ಪಿಕ್ಯಾಕ್ಸ್ ತುಂಬಲು ಹೋಗಬೇಡಿ, ಒಂದೇ ಪೂರ್ತಿ ಜಾಗ ತಗೊಳ್ಳುತ್ತದೆ.

ಸ್ನೋಬಾಲ್ ಯಾರಿಗೂ ನೋವು ಮಾಡಲ್ಲ, ಬ್ಲೇಜ್ ಒಂದನ್ನು ಬಿಟ್ಟು. ಅದಕ್ಕೆ ಒಂದಕ್ಕೆ 3ರಷ್ಟು ಪೆಟ್ಟು, 20 ಇರುವ ಅದರ ಜೀವ ಏಳು ಉಂಡೆಗೆ ಮುಗಿಯುತ್ತದೆ. ಬಿಲ್ಲು ಇಲ್ಲದೆ ನೆದರ್ ಕೋಟೆಗೆ ಹೋಗುವವರು ಎರಡು ಮೂರು ಸ್ಟ್ಯಾಕ್ ಒಯ್ಯಿರಿ. ಒಂದು ಸ್ಟ್ಯಾಕ್ ಅಂದರೆ 16 ಮಾತ್ರ, ನೆನಪಿರಲಿ.

ಗಾಳದ ಕೋಲು ಮೀನಿಗೆ ಮಾತ್ರ ಅಲ್ಲ. ಹಳ್ಳಕ್ಕೆ ಬಿದ್ದ ಕುರಿಯನ್ನು ಎಳೆಯಲು, ಎತ್ತರದಲ್ಲಿ ನಿಂತ ಅಸ್ಥಿಪಂಜರವನ್ನು ಕೆಳಗೆ ಬೀಳಿಸಲು ಬಳಸಿ. ಬ್ರಶ್ ಸಂಶಯದ ಮರಳು ಕೆರೆದ ಮೇಲೆ ಮೂಲೆ ಸೇರುತ್ತದೆ, ಆದರೆ ಅದನ್ನೇ ಆರ್ಮಡಿಲೋ ಮೇಲೆ ಉಜ್ಜಿದರೆ ಸ್ಕ್ಯೂಟ್ (ಅದರ ಚಿಪ್ಪಿನ ತುಂಡು) ಉದುರುತ್ತದೆ. ಆರು ಸ್ಕ್ಯೂಟ್‌ಗೆ ತೋಳಕ್ಕೊಂದು ಕವಚ. ಒಂದು ಉಜ್ಜಿಗೆ ಬ್ರಶ್‌ನ 64ರ ಬಾಳಿಕೆಯಲ್ಲಿ 16 ಹೋಗುತ್ತದೆ, ನಾಲ್ಕೇ ಸಲ. ಅಂದರೆ ಒಂದು ಕವಚಕ್ಕೆ ಎರಡು ಬ್ರಶ್ ಬೇಕು, ಒಂದೊಂದು ಬ್ರಶ್‌ಗೆ ಒಂದು ಗರಿ, ಒಂದು ತಾಮ್ರ, ಒಂದು ಕೋಲಿನ ಖರ್ಚು ತಾನೇ. ಕತ್ತರಿಯಿಂದ ಕೆಲ್ಪ್ ಅಥವಾ ಬಳ್ಳಿಯ ತುದಿ ಕತ್ತರಿಸಿದರೆ ಅದು ಮುಂದೆ ಬೆಳೆಯಲ್ಲ, ಅಲಂಕಾರಕ್ಕೆ ಬಳ್ಳಿ ಇಳಿಬಿಟ್ಟವರಿಗೆ ಇದು ಗೊತ್ತಿರಬೇಕು. ಚರ್ಮದ ಬೂಟು ಹಾಕಿದರೆ ಪೌಡರ್ ಸ್ನೋ ಮೇಲೆ ಮುಳುಗದೆ ನಡೆಯಬಹುದು.

ಇಷ್ಟಾದರೂ ಸಾಲದಿದ್ದರೆ

ಆಟದೊಳಗೆ ದಾರಿಯೇ ಇಲ್ಲದ ಸಾಮಾನಿಗೆ ನೀವೇ ರೆಸಿಪಿ ಬರೆಯಬಹುದು. ಜಾವಾದಲ್ಲಿ ಇದಕ್ಕೆ ಮಾಡ್ ಬೇಡ, ಡೇಟಾ ಪ್ಯಾಕ್ ಸಾಕು. ಅದೊಂದು ಸಾದಾ ಫೋಲ್ಡರ್, ಒಳಗೆ ಜೇಸನ್ ಫೈಲ್‌ಗಳು. ಯಾವುದು ಹಾಕಿದರೆ ಯಾವುದು ಬರಬೇಕು, ಎಷ್ಟು ಬರಬೇಕು, ಅಷ್ಟೇ ಬರೆಯಬೇಕಾದದ್ದು. ವರ್ಲ್ಡ್ ಫೋಲ್ಡರ್‌ನೊಳಗಿನ ಡೇಟಾಪ್ಯಾಕ್ಸ್ ಜಾಗಕ್ಕೆ ಹಾಕಿ, ಆಟದಲ್ಲಿ ರೀಲೋಡ್ ಕಮಾಂಡ್ ಕೊಟ್ಟರೆ ಆಯಿತು. ಸರ್ವರ್‌ನಲ್ಲಿ ಹಾಕಿದರೆ ಜೊತೆಗೆ ಆಡುವವರು ತಮ್ಮ ಕಡೆ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಹಳೆಯ ವಿಡಿಯೋ ನೋಡಿ ಮಾಡುವವರು ಒಂದು ಕಡೆ ಎಡವುತ್ತಾರೆ: ರೆಸಿಪೀಸ್ ಅಂತ ಬಹುವಚನದಲ್ಲಿದ್ದ ಫೋಲ್ಡರ್ ಹೆಸರು 1.21ರಿಂದ ರೆಸಿಪಿ ಅಂತ ಏಕವಚನ ಆಗಿದೆ. ಹಳೆಯ ಹೆಸರಲ್ಲಿಟ್ಟರೆ ಎರರ್ ಕೂಡ ಬರಲ್ಲ, ಸುಮ್ನೆ ಕೆಲಸ ಮಾಡಲ್ಲ. ನನ್ನ ಒಂದು ಸಂಜೆ ಇದರಲ್ಲೇ ಹೋಯಿತು.

ನಾನು ಮೊದಲು ಬರೆದದ್ದು ರಾಟನ್ ಫ್ಲೆಶ್ ಸುಟ್ಟರೆ ಚರ್ಮ ಬರುವ ರೆಸಿಪಿ. ಒಂದಕ್ಕೊಂದು ಕೊಟ್ಟೆ, ಅದು ತಪ್ಪಾಯಿತು. ಎರಡೇ ದಿನದಲ್ಲಿ ಹಸು ಸಾಕುವ ಕೆಲಸವೇ ನಿಂತುಹೋಯಿತು, ಆಟದ ಒಂದು ಭಾಗವನ್ನೇ ಕೊಂದಂತಾಯಿತು. ಈಗ ನಾಲ್ಕು ರಾಟನ್ ಫ್ಲೆಶ್ ಕ್ರಾಫ್ಟ್ ಮಾಡಿದರೆ ಒಂದು ಮೊಲದ ಚರ್ಮ, ಅಂಥ ನಾಲ್ಕು ಸೇರಿದರೆ ಆಟದ್ದೇ ರೆಸಿಪಿಯಂತೆ ಒಂದು ಚರ್ಮ. ಹದಿನಾರಕ್ಕೆ ಒಂದು. ಬೇಕಿದ್ದವರು ಮಾಡಿಕೊಳ್ಳುತ್ತಾರೆ, ಹಸುವೂ ಉಳಿಯುತ್ತದೆ. ಬರೆದ ಮೇಲೆ ಇನ್ನೊಂದು ನೋಡಿಕೊಳ್ಳಿ, ನಿಮ್ಮ ರೆಸಿಪಿ ಮತ್ತು ಆಟದಲ್ಲಿ ಇರುವ ರೆಸಿಪಿ ಸೇರಿ ಸುತ್ತು ಹೊಡೆಯಬಾರದು. ಉದಾಹರಣೆಗೆ ನಾಲ್ಕು ದಾರಕ್ಕೆ ಒಂದು ಉಣ್ಣೆ ಆಟದಲ್ಲೇ ಇದೆ. ನೀವು ಉಣ್ಣೆಯಿಂದ ಐದು ದಾರ ಬರುವಂತೆ ಬರೆದರೆ, ಹಿಂದೆ ಮುಂದೆ ಮಾಡುತ್ತಾ ಕೂತವನಿಗೆ ದಾರ ಮುಗಿಯುವುದೇ ಇಲ್ಲ. ನಾಲ್ಕಕ್ಕಿಂತ ಕಡಿಮೆ ಇಡಿ. ವರ್ಲ್ಡ್‌ನ ಒಂದು ಕಾಪಿ ಮಾಡಿಕೊಂಡು ಅದರಲ್ಲಿ ಮೊದಲು ಪರೀಕ್ಷಿಸಿ, ಆಮೇಲೆ ಅಸಲಿಗೆ ಹಾಕಿ.

ಇನ್ನು ಆ ವಿಷದ ಆಲೂಗಡ್ಡೆ. ಅದನ್ನು ಯಾವ ವಿಲೇಜರ್ ಕೊಳ್ಳಲ್ಲ, ಯಾವ ರೆಸಿಪಿಗೂ ಬರಲ್ಲ, ಕಂಪೋಸ್ಟರ್ ಕೂಡ ಮುಟ್ಟಲ್ಲ. ತಿಂದರೆ ನೂರಕ್ಕೆ 60 ಸಲ ವಿಷ ಏರುತ್ತದೆ. ನನ್ನ ಡೇಟಾ ಪ್ಯಾಕ್‌ನಲ್ಲಿ ಅದನ್ನು ಸುಟ್ಟರೆ ಹಸಿರು ಬಣ್ಣ ಬರುವಂತೆ ಮಾಡಿದ್ದೇನೆ. ನಿಮಗೆ ಇದಕ್ಕಿಂತ ಒಳ್ಳೆಯದು ಹೊಳೆದರೆ ಹೇಳಿ, ಇನ್ನೂ ಮೂರು ಸ್ಟ್ಯಾಕ್ ಉಳಿದಿದೆ.